ಮೊದಲನೆಯ ಸಾಲು

ಪರದೆಯ ಮೇಲೆ ಏಳನೇ ಹಾಸಿಗೆಯ ಚೌಕ ಮತ್ತೆ ಬೂದಿ ಬಣ್ಣಕ್ಕೆ ತಿರುಗಿತು. ಹೃದ್ರೋಗ ವಾರ್ಡಿನ ಮೇಜಿನ ಹಿಂದೆ ಕೂತಿದ್ದ ದೊಡ್ಡ ಸಿಸ್ಟರ್ ಪೆನ್ನು ಕೆಳಗಿಟ್ಟು ಎದ್ದರು. ಬೂದಿ ಎಂದರೆ ಆ ಹಾಸಿಗೆಯ ಎದೆಬಡಿತದ ಸುದ್ದಿ ವೈಫೈಯಲ್ಲಿ ಇಲ್ಲಿಗೆ ತಲುಪುತ್ತಿಲ್ಲ ಎಂದರ್ಥ. ಅಲ್ಲಿ ಏನಾಗಿದೆಯೋ, ಹೋಗಿ ನೋಡಿದರೇ ಗೊತ್ತು.

ಏಳನೇ ಹಾಸಿಗೆಯ ನಿವೃತ್ತ ಬಸ್ ಡ್ರೈವರು ದಿಂಬಿಗೆ ಒರಗಿ ಆರಾಮಾಗಿ ಕೂತಿದ್ದರು. "ಇನ್ನೂ ಹೊರಟಿಲ್ಲ ಸಿಸ್ಟರ್, ಬ್ರೇಕ್ ಹಾಕ್ಕೊಂಡೇ ಕೂತಿದ್ದೀನಿ," ಎಂದರು.

ಸಿಸ್ಟರಿಗೆ ನಗು ಬರಲಿಲ್ಲ. ಭೇಟಿಯ ಸಮಯ ಶುರುವಾದ ಅರ್ಧ ಗಂಟೆಯಲ್ಲಿ ಇದು ನಾಲ್ಕನೇ ಸಲ. ಮೊದಲ ಸಲ ಅವರು ಓಡಿ ಬಂದಿದ್ದರು. ಈ ಸಲ ನಡೆದುಕೊಂಡು ಬಂದಿದ್ದರು. ಅದು ಹೊಳೆದದ್ದೇ ತಡ ಅವರು ಅಲ್ಲೇ ನಿಂತುಬಿಟ್ಟರು. ನಾಳೆ ನಿಜಕ್ಕೂ ಒಂದು ಹೃದಯ ನಿಂತಾಗ, ಹಾಳು ವೈಫೈ ಎಂದುಕೊಂಡು ಹೀಗೇ ನಡೆದು ಬಂದರೆ?

ಆಸ್ಪತ್ರೆಯ ವೈಫೈ ನೋಡಿಕೊಳ್ಳಲು ಹೊಸದಾಗಿ ಸೇರಿದ್ದ ಹೆಂಗಸನ್ನು ಎಲ್ಲರೂ ಏಣಿಯಕ್ಕ ಎನ್ನುತ್ತಿದ್ದರು. ಐವತ್ತು ದಾಟಿದ ಮೇಲೂ ಮಡಚುವ ಏಣಿ ಹೆಗಲಿಗೇರಿಸಿಕೊಂಡು ಓಡಾಡುವವರನ್ನು ಇನ್ನೇನೆಂದು ಕರೆಯಬೇಕು? ಈ ಕೆಲಸದಲ್ಲಿ ಹಿಂದಿದ್ದವನಾಗಿದ್ದರೆ ಚಾವಣಿಯ ವೈಫೈ ಪೆಟ್ಟಿಗೆಯನ್ನು ಒಮ್ಮೆ ಆರಿಸಿ, ಒಮ್ಮೆ ಹೊತ್ತಿಸಿ, ಕೈ ಝಾಡಿಸಿಕೊಂಡು ಹೋಗುತ್ತಿದ್ದ. ಈಕೆ ಏನನ್ನೂ ಮುಟ್ಟಲಿಲ್ಲ. ಎರಡು ಮಧ್ಯಾಹ್ನ ಮೂಲೆಯಲ್ಲಿ ಸ್ಟೂಲು ಹಾಕಿಕೊಂಡು ಕೂತು ಬರೆದುಕೊಂಡರು. ಯಾರ ಕೈಯಲ್ಲಿ ಯಾವ ಉಪಕರಣ, ಅದು ಎಷ್ಟು ಹೊತ್ತಿಗೊಮ್ಮೆ ಸುದ್ದಿ ಕಳಿಸುತ್ತದೆ, ಸುದ್ದಿ ತಡವಾದರೆ ಯಾರಿಗೆ ಏನಾಗುತ್ತದೆ. ಅಜ್ಜಿಯೊಬ್ಬರು ಫೋನಿನಲ್ಲಿ ನೋಡುತ್ತಿದ್ದ ಧಾರಾವಾಹಿಯನ್ನೂ ಪಟ್ಟಿಗೆ ಸೇರಿಸಿದರು. ಯಾರು ಯಾವಾಗ ಏನು ಬರೆದುಕೊಟ್ಟಿದ್ದರು ಎಂಬ ಹಿಂದಿನ ಕಥೆಯನ್ನೂ ಕೇಳಿ ತಿಳಿದುಕೊಂಡರೆಂದು ನರ್ಸುಗಳ ಅಂಬೋಣ.

ಮೂರನೆಯ ದಿನ ಲ್ಯಾಪ್‌ಟಾಪನ್ನು ಸಿಸ್ಟರ ಕಡೆಗೆ ತಿರುಗಿಸಿದರು. "ಗಾಳೀಲಿ ಇರೋದು ಒಂದೇ ದಾರಿ ಸಿಸ್ಟರ್. ಅದಕ್ಕೇ ಯಾರು ಮುಂದೆ, ಯಾರು ಹಿಂದೆ ಅಂತ ಸಾಲು ಮಾಡಿರ್ತೀವಿ. ಮೊದಲನೇ ಸಾಲಲ್ಲಿ ಯಾರ್‍ಯಾರಿದ್ದಾರೆ, ಓದಿ."

ಸಿಸ್ಟರ್ ಓದಿದರು. ಎದೆಬಡಿತದ ಮಾನಿಟರುಗಳು. ಡೈರೆಕ್ಟರರ ಮೀಟಿಂಗು. ಔಷಧಿ ವಿಭಾಗದ ಪ್ರಿಂಟರು. ಬಾಗಿಲ ಬಳಿಯ ಟಿವಿ. ಪಟ್ಟಿ ಮುಗಿಯುವಂತೆಯೇ ಕಾಣಲಿಲ್ಲ. ಹಿಂದಿನವನು ಒಳ್ಳೆಯವನು; ನಮ್ಮದು ಅರ್ಜೆಂಟು ಎಂದವರಿಗೆಲ್ಲ ಆಗಲಿ ಎಂದಿದ್ದ.

"ನಮ್ಮ ವಾರ್ಡಿನ ಊಟದ ಪಟ್ಟಿಯ ಟ್ಯಾಬೂ ಇದೆಯಲ್ಲ!"

"ನೀವೇ ಬರ್ಕೊಟ್ಟಿದ್ರಂತೆ."

ಸಿಸ್ಟರ ಮುಖ ಕೆಂಪಾಯಿತು.

"ಎಲ್ಲರೂ ಮುಂದೆ ನಿಂತ್ರೆ ಅದು ಸಾಲಲ್ಲ, ನೂಕುನುಗ್ಗಲು," ಎಂದರು ಏಣಿಯಕ್ಕ. "ಈ ಮಾನಿಟರುಗಳು ಹಳೇವು, ಮೆಲ್ಲಗೆ ಮಾತಾಡ್ತವೆ. ನಾಲ್ಕು ಗಂಟೆಗೆ ನೋಡೋಕೆ ಬರೋರ ಅರವತ್ತು ಫೋನು ಒಳಗೆ ಬಂದ್ರೆ ಇವುಗಳ ಸರದಿ ಯಾವಾಗ ಬರ್ಬೇಕು?"

ಸಾಲು ಬದಲಿಸಲು ಡೈರೆಕ್ಟರರ ಸಹಿ ಬೇಕಿತ್ತು. ಅವರು ಹಾಳೆಯ ಮೇಲೆ ಬೆರಳಿಟ್ಟು ತಮ್ಮ ಹೆಸರು ಹುಡುಕಿದರು. "ನನ್ನ ಮೀಟಿಂಗು ಮೂರನೇ ಸಾಲಾ?"

"ಹೌದು ಸಾರ್. ಮೊದಲು ಮಾನಿಟರು, ಆಮೇಲೆ ನರ್ಸುಗಳ ಫೋನು, ಆಮೇಲೆ ನೀವು."

"ಅದರ ಬದಲು ನೋಡೋಕೆ ಬರೋರ ಫೋನೇ ಬಂದ್ ಮಾಡಿಸಿಬಿಡಿ. ತಂಟೆನೇ ಇರಲ್ಲ."

"ಬೇಡ ಸಾರ್. ಮಲಗಿರೋರಿಗೆ ಮನೆಯವರ ಮುಖಾನೂ ಬೇಕು. ನಾಲ್ಕನೇ ಸಾಲಲ್ಲಿ ಅವ್ರಿಗೂ ಜಾಗ ಇಟ್ಟಿದ್ದೀನಿ. ನಿಮ್ಮ ಮಾತು ಒಂದು ಗಳಿಗೆ ತಡವಾದ್ರೆ ಯಾರ ಜೀವಾನೂ ಹೋಗಲ್ಲ, ಅಲ್ವಾ ಸಾರ್?"

ಡೈರೆಕ್ಟರರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು, ಸಹಿ ಹಾಕಿದರು. ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಸಿಸ್ಟರಿಗೆ ಈ ಹೆಂಗಸಿನ ಮೇಲೆ ಅಭಿಮಾನ ಉಕ್ಕಿತು. ಇಪ್ಪತ್ತೆರಡು ವರ್ಷದಲ್ಲಿ ಆ ಕೋಣೆಯಲ್ಲಿ ಹೀಗೆ ಮಾತಾಡಿದವರನ್ನು ಅವರು ಕಂಡಿರಲಿಲ್ಲ.

ಮರುದಿನ ಸಂಜೆ ವಾರ್ಡು ಗಿಜಿಗುಡುತ್ತಿತ್ತು. ಪರದೆಯ ಹತ್ತು ಚೌಕಗಳಲ್ಲಿ ಹತ್ತು ಹಸಿರು ಗೆರೆಗಳು ಏರಿಳಿಯುತ್ತಿದ್ದವು. ಡ್ರೈವರ ಮಗಳು ಹಾಸಿಗೆಯ ಪಕ್ಕ ನಿಂತು, ಊರಲ್ಲಿದ್ದ ತನ್ನ ಪುಟ್ಟ ಮಗಳನ್ನು ಫೋನಿನಲ್ಲಿ ತಾತನಿಗೆ ತೋರಿಸುತ್ತಿದ್ದಳು. ಐದಕ್ಕೆ ಹತ್ತು ನಿಮಿಷವಿರುವಾಗ ಏಳನೇ ಚೌಕ ಕೆಂಪಾಯಿತು. ಬೂದಿಯಲ್ಲ, ಕೆಂಪು. ಗೆರೆ ಅಡ್ಡಾದಿಡ್ಡಿ ನಡುಗುತ್ತಿತ್ತು.

ಸಿಸ್ಟರ್ ಓಡಿದರು. ಹಿಂದೆಯೇ ಡಾಕ್ಟರರು ಓಡಿದರು. ಏಣಿಯಕ್ಕ ಬಾಗಿಲಿಗೆ ಬೆನ್ನು ಕೊಟ್ಟು ಎದೆಗೆ ಶಾಕ್ ಕೊಡುವ ಯಂತ್ರದ ಗಾಡಿಗೆ ದಾರಿ ಬಿಟ್ಟರು. ತೆರೆ ಎಳೆದರು, ಮಗಳು ಹೊರಗುಳಿದಳು. ಒಳಗಿನಿಂದ "ದೂರ ಸರೀರಿ" ಎಂಬ ಕೂಗು ಒಂದು ಸಲ ಕೇಳಿತು, ಇನ್ನೊಂದು ಸಲ ಕೇಳಿತು. ಪರದೆಯ ಮೇಲೆ ಗೆರೆ ಮಲಗಿತು. ಆಮೇಲೆ ಒಂದು ಉಬ್ಬು. ಸ್ವಲ್ಪ ತಡೆದು ಇನ್ನೊಂದು.

ತೆರೆ ಸರಿಸಿ ಹೊರಬಂದ ಸಿಸ್ಟರ ಹಣೆಯೆಲ್ಲ ಬೆವರು. "ಬಂದ್ರಮ್ಮ, ವಾಪಸ್ ಬಂದ್ರು," ಎಂದು ಮಗಳ ಬೆನ್ನು ಸವರಿದರು. ಆಮೇಲೆ ಏಣಿಯಕ್ಕನ ಕಡೆ ತಿರುಗಿದರು. "ಇವತ್ತು ಓಡ್ದೆ ಅಕ್ಕಾ. ಯೋಚನೆ ಮಾಡ್ಲಿಲ್ಲ, ಓಡ್ದೆ."

ಮಗಳ ಕೈಯಲ್ಲಿ ಫೋನು ನೆಲ ನೋಡುತ್ತ ಜೋತುಬಿದ್ದಿತ್ತು. ಅದರೊಳಗಿಂದ ಸಣ್ಣ ದನಿಯೊಂದು, "ಅಮ್ಮಾ, ಬರೀ ಚಪ್ಪಲಿ ಕಾಣ್ತಿದೆ, ತಾತ ಎಲ್ಲಿ?" ಎನ್ನುತ್ತಿತ್ತು. ಏಣಿಯಕ್ಕ ಆ ಕೈಯನ್ನು ಮೆಲ್ಲಗೆ ಎತ್ತಿ ಹಾಸಿಗೆಯ ಕಡೆ ತಿರುಗಿಸಿದರು. ನಾಲ್ಕನೇ ಸಾಲಿನ ಫೋನು; ಅದರಲ್ಲಿದ್ದದ್ದು ಕಲಸಿದ ಬಣ್ಣದ ಚೂರುಗಳು. ಮೂವರೂ ಅದನ್ನೇ ನೋಡುತ್ತ ನಿಂತರು. ಚೂರುಗಳು ನಿಧಾನವಾಗಿ ಕೂಡಿಕೊಂಡು, ಮುಂದಿನ ಹಲ್ಲಿಲ್ಲದ ಒಂದು ಪುಟ್ಟ ಬಾಯಿ ಕಾಣಿಸಿತು.