ಕಿವಿಯಿಂದ ಓದುವ ಪುಟ

ಸಲತಿಗಾ ಊರಿನ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ವೆನಿಂಗ್‌ಳ ತಾಯಿ ಸೋತೊ ಸಾರು ಮಾರುತ್ತಿದ್ದಳು. ಅವಳ ಅಂಗಡಿಯ ಗೋಡೆಗೆ ಅಂಟಿಕೊಂಡೇ ಇಂಟರ್ನೆಟ್ ಅಂಗಡಿ. ಮಧ್ಯಾಹ್ನ ಅದರ ಮಾಲೀಕನಿಗೆ ಬಿಸಿ ಬಿಸಿ ಕರಿದ ಸೋಯಾ ತೆಂಪೆ ಕೊಟ್ಟು ಬಂದರೆ ಮೂಲೆಯ ಕಂಪ್ಯೂಟರ್ ವೆನಿಂಗ್‌ಳದು. ಉಳಿದ ಮಕ್ಕಳು ಗುಂಡು ಹಾರಿಸುವ ಆಟದಲ್ಲಿ ಮುಳುಗಿದ್ದರೆ, ಹನ್ನೊಂದರ ಈ ಹುಡುಗಿ ಯಾರದೋ ವೆಬ್ ಪುಟ ತೆರೆದು ಅದರ ಬೆನ್ನ ಹಿಂದೆ ಏನು ಬರೆದಿದೆ ಎಂದು ಇಣುಕುತ್ತಿದ್ದಳು. ಅಲ್ಲಿ ಒಂದು ಪದ ಬದಲಿಸಿದರೆ ಪುಟವೆಲ್ಲ ಕೆಂಪು, ಒಂದು ಅಂಕಿ ತಿದ್ದಿದರೆ ಅಕ್ಷರ ಆನೆಯಷ್ಟು. ಅದಕ್ಕಿಂತ ದೊಡ್ಡ ಆಟ ಅವಳಿಗೆ ಬೇರೆ ಇರಲಿಲ್ಲ.

ಮೊದಲು ತನ್ನ ಬೆಕ್ಕಿಗೊಂದು ಪುಟ ಮಾಡಿದಳು. ಹೈಸ್ಕೂಲಿಗೆ ಬರುವಷ್ಟರಲ್ಲಿ ಓಣಿಯಲ್ಲಿ ಕೆಂಡದ ಮೇಲೆ ಮಾಂಸ ಸುಟ್ಟು ಮಾರುವ ಸಾತೆಯವನಿಗೆ, ಕ್ಷೌರದಂಗಡಿಗೆ, ಹೂವಿನವಳಿಗೆ ಎಲ್ಲರಿಗೂ ಮಾಡಿಕೊಟ್ಟಿದ್ದಳು. ಪ್ರತಿ ಪುಟದಲ್ಲೂ ನಕ್ಷತ್ರ ಉದುರಬೇಕು, ಹಾಡು ಕೇಳಬೇಕು. ಸಾತೆಯವನಂತೂ ಹೊಗೆಯ ನಡುವೆ ನಿಂತ ತನ್ನ ಫೋಟೊ ನೋಡಿ, "ಮದುವೆ ದಿನಾನೂ ಇಷ್ಟು ಚೆನ್ನಾಗಿ ಕಂಡಿರ್ಲಿಲ್ಲ ನಾನು!" ಎಂದಿದ್ದ.

ಇದನ್ನು ಕೇಳಿ ಓಣಿಯ ಕೊನೆಯ ಮನೆಯ ತುಕಿರಾನ್ ಅವಳನ್ನು ಕರೆಸಿಕೊಂಡರು. ಹುಟ್ಟು ಕುರುಡರು, ಮೈಕೈ ಒತ್ತುವುದು ಅವರ ಕಸುಬು. ಸೆಮರಾಂಗ್ ಪಟ್ಟಣದಲ್ಲಿ ತರಬೇತಿ ಪಡೆದು, ತೆರೆಯ ಮೇಲಿನದನ್ನು ಗಟ್ಟಿಯಾಗಿ ಓದಿ ಹೇಳುವ ಕಂಪ್ಯೂಟರೊಂದನ್ನು ತಂದಿದ್ದರು.

"ನಂಗೂ ಒಂದು ಮಾಡ್ಕೊಡು, ಗೆಂಡುಕ್. ಎಲ್ರದ್ದಕ್ಕಿಂತ ಚೆನ್ನಾಗಿರ್ಬೇಕು" ಎಂದರು, ಮಗಳನ್ನು ಕರೆಯುವ ಹಾಗೆ.

ವೆನಿಂಗ್ ಜೀವ ತೇಯ್ದು ಮಾಡಿದಳು. ಎದ್ದು ಕಾಣಲೆಂದು ಅಕ್ಷರಗಳನ್ನೆಲ್ಲ ಬಳ್ಳಿ ಸುತ್ತಿದ ಚಿತ್ರಗಳಾಗಿಯೇ ಬರೆದಳು. ಅವರ ಮನೆಗೆ ಹೋಗಿ ತೆರೆದು ತೋರಿಸಿದಾಗ ಯಂತ್ರ ಒರಟು ದನಿಯಲ್ಲಿ ಓದತೊಡಗಿತು: "ಚಿತ್ರ. ಚಿತ್ರ. ಚಿತ್ರ. ಇಲ್ಲಿ ಒತ್ತಿ. ಚಿತ್ರ."

ತುಕಿರಾನ್ ತಲೆ ವಾಲಿಸಿ ಕಾದರು. ಮತ್ತೇನೂ ಬರಲಿಲ್ಲ.

"ನನ್ನ ಹೆಸರು ಎಲ್ಲಿದೆ?"

"ಮೇಲೇ ಇದೆ, ಬಾಪಾಕ್. ದೊಡ್ಡದಾಗಿ, ಬಂಗಾರದ ಬಣ್ಣದಲ್ಲಿ…" ಹೇಳುತ್ತಿದ್ದಂತೆ ಅವಳು ಅತ್ತುಬಿಟ್ಟಳು.

ಅವರು ಹೊಟ್ಟೆ ಹುಣ್ಣಾಗುವಂತೆ ನಕ್ಕರು. "ಅಂದ್ರೆ ನನ್ನ ಮನೆ ಒಳಗೆ ಊರೆಲ್ಲ ಬರ್ಬೋದು, ನಾನೊಬ್ಬ ಬಿಟ್ಟು! ಅಳ್ಬೇಡ, ಮಾರಾಯ್ತಿ. ಕೂತ್ಕೊ. ಇದು ಹೇಗೆ ಓದುತ್ತೆ ಅಂತ ಕೇಳಿಸ್ಕೊ."

ಅವರು ಕೀಲಿಗಳನ್ನು ಒತ್ತುತ್ತಾ ಹೋದರು, ಅವಳು ಕಣ್ಣು ಮುಚ್ಚಿ ಕೇಳಿದಳು. ಪುಟಕ್ಕೆ ಕಣ್ಣಿಗೆ ಕಾಣುವ ಮುಖವಲ್ಲದೆ ಕಿವಿಗೆ ಸಿಗುವ ಬೆನ್ನೆಲುಬೂ ಇದೆ ಎಂದು ಅವಳಿಗೆ ಹೊಳೆದದ್ದು ಆಗ. ಹೊಸ ಪುಟಕ್ಕೆ ಒಂದು ತಿಂಗಳು ಹಿಡಿಯಿತು. ಯಂತ್ರ ಅವರ ಹೆಸರನ್ನು ಸರಿಯಾಗಿ ಉಚ್ಚರಿಸಿದಾಗ ತುಕಿರಾನ್ ಅದನ್ನೇ ಮತ್ತೆ ಮತ್ತೆ ಓದಿಸಿ ಕೇಳಿದರು.

ತಾಯಿಗೆ ಮಾತ್ರ ಇದೆಲ್ಲ ಹಿಡಿಸಲಿಲ್ಲ. "ಹೆರಿಗೆ ಮಾಡಿಸೋದು ಕಲಿ. ಊರಲ್ಲಿ ಮಕ್ಕಳು ಹುಟ್ಟೋದು ನಿಲ್ಲುತ್ತಾ?" ಎನ್ನುತ್ತಿದ್ದಳು. ಆದರೂ ಸೆಮರಾಂಗ್‌ನ ವಿನ್ಯಾಸ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಾಗ ಬುತ್ತಿ ಕಟ್ಟಿ ಬಸ್ಸು ಹತ್ತಿಸಿದವಳೂ ಅವಳೇ.

ಅಲ್ಲಿ ವೆನಿಂಗ್‌ಳ ಕೈಗೆ ದೋಣಿ ಟಿಕೆಟಿನ ವೆಬ್‌ಸೈಟು ಬಂತು. ಕಣ್ಣಿಲ್ಲದವರೂ ಬಳಸುವಂತೆ ಮಾಡೋಣ ಎಂದಳು. ಯಜಮಾನ ಹೆಂದ್ರಾ ಹುಬ್ಬೇರಿಸಿದ. "ಕುರುಡರು ವೆಬ್‌ಸೈಟ್ ನೋಡ್ತಾರೇನಮ್ಮಾ?" ಎಲ್ಲರೂ ನಕ್ಕರು. ಅವಳೂ ನಕ್ಕುಬಿಟ್ಟಳು. ಸಂಜೆ ಬಾಡಿಗೆ ಕೋಣೆಯಲ್ಲಿ ಅನ್ನ ಸೇರಲಿಲ್ಲ. ಹೆಂದ್ರಾನ ಮಾತಿಗಿಂತ ತನ್ನ ನಗುವೇ ಚುಚ್ಚುತ್ತಿತ್ತು.

ರಜೆಯ ದಿನಗಳಲ್ಲಿ ಕೂತು ಆ ಕೆಲಸವನ್ನು ತಾನೇ ಮುಗಿಸಿದಳು. ಹೆಂದ್ರಾ ಅದನ್ನು ವೆಬ್‌ಸೈಟಿಗೆ ಸೇರಿಸಲಿಲ್ಲ. "ಕೆಟ್ಟದ್ದಲ್ಲ ಅದು. ಗಿರಾಕಿ ಕೇಳಿಲ್ಲ, ಅಷ್ಟೇ" ಎಂದ. ಅವನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಹಾಗಾಗಿ ಜಗಳವಾಡುವುದಕ್ಕೂ ದಾರಿಯಿರಲಿಲ್ಲ. ಆ ವರ್ಷ ಮುಗಿಸಿ ಅವಳು ಊರಿಗೆ ಮರಳಿ, ಎಲ್ಲರೂ ಬಳಸಬಲ್ಲ ಪುಟಗಳನ್ನು ಮಾಡುವ ತನ್ನದೇ ಕಚೇರಿ ತೆರೆದಳು.

ಗಿರಾಕಿಗಳು ನಿಧಾನವಾಗಿ ಬಂದರು. ಮೊದಲೊಂದು ಶಾಲೆ, ಆಮೇಲೊಂದು ಔಷಧಿ ಅಂಗಡಿ. ತಾನು ಕಣ್ಣು ಮುಚ್ಚಿ ಪರೀಕ್ಷಿಸಿದರೆ ಸಾಲದು, ಯಾಕೆಂದರೆ ಬೇಕೆಂದಾಗ ಕಣ್ಣು ತೆರೆಯಬಹುದು ಎಂದು ಗೊತ್ತಾದ ಮೇಲೆ ಸೆಕಾರ್ ಎಂಬ ಹುಡುಗಿಯನ್ನು ಕೆಲಸಕ್ಕೆ ಕರೆದಳು. ಸೆಕಾರ್‌ಗೆ ಕಣ್ಣು ಕಾಣುವುದಿಲ್ಲ. ಮುಲಾಜೂ ಇಲ್ಲ.

"ಅಕ್ಕಾ, ಈ ಪುಟದಲ್ಲಿ ನಾನು ಕಳೆದುಹೋದೆ" ಎಂದಳು ಮೊದಲ ದಿನವೇ. "ಇಲ್ಲೊಂದು ಬಟನ್ ಇದೆ, ಹೆಸರಿಲ್ಲ. ಒತ್ತಿದ್ರೆ ಏನಾಗುತ್ತೆ? ಮನೆ ಬೀಳುತ್ತಾ?"

"ಇಷ್ಟು ವರ್ಷ ಮಾಡಿದ್ದೀನಿ, ಇನ್ನೂ ತಪ್ಪುತ್ತಲ್ಲ!" ವೆನಿಂಗ್ ಕುರ್ಚಿ ಎಳೆದುಕೊಂಡಳು.

"ಅದಕ್ಕೇ ತಾನೇ ನಂಗೆ ಸಂಬಳ." ಕೀಲಿ ಒತ್ತುತ್ತಲೇ ಸೆಕಾರ್ ಕೇಳಿದಳು, "ಇದಕ್ಕೆ ಯಾವ ಬಣ್ಣ ಹಾಕಿದ್ದೀಯ?"

"ಹಸಿರು. ನಾಟಿ ಮಾಡಿ ವಾರ ಆದ ಭತ್ತದ ಸಸಿ ಇರುತ್ತಲ್ಲ, ಹಾಗೆ."

"ಚೆನ್ನಾಗಿದೆಯಾ?"

ವೆನಿಂಗ್ ತೆರೆಯನ್ನು ದಿಟ್ಟಿಸಿದಳು. "ನಂಗೆ ತುಂಬಾ ಇಷ್ಟ."

"ಹಾಗಾದ್ರೆ ಇರ್ಲಿ ಬಿಡು" ಎಂದಳು ಸೆಕಾರ್. "ಮೊದ್ಲು ಆ ಬಟನ್‌ಗೊಂದು ಹೆಸರು ಇಡು."