ಮೋತ್ಯಾನ ಕಂಬಳಿ ಕಟ್ಟಿಕೊಂಡು ಓಡಿದ ಸಮ್ರೀನ

ಈ ಕಥೆಯನ್ನು ನನಗೆ ಮೊದಲು ಹೇಳಿದವರು ಟಿಕೋಟಾದ ಮಾಶಾಬಿ. ಹೇಳಿದ್ದು ಕಳೆದ ವರ್ಷ, ಯುಗಾದಿಯ ಹಿಂದಿನ ವಾರ, ಒಣದ್ರಾಕ್ಷಿಯ ಶೆಡ್ಡಿನಲ್ಲಿ ಹೆಂಗಸರು ಸಾಲಾಗಿ ಕುಳಿತು ದ್ರಾಕ್ಷಿಯ ತೊಟ್ಟು ಬಿಡಿಸುತ್ತಿದ್ದ ಒಂದು ಸಂಜೆ. ಇದನ್ನೇ ಆಮೇಲೆ ಬಬಲೇಶ್ವರದ ಒಬ್ಬ ಚಹಾದಂಗಡಿಯವನ ಬಾಯಿಂದಲೂ ಕೇಳಿದೆ. ಅವನ ಹೇಳಿಕೆಯಲ್ಲಿ ನಾಯಿಗಳು ಕರುವಿನಷ್ಟು ಎತ್ತರ, ಮುದುಕಿಯ ಕೈಯಲ್ಲಿ ಕೊಡಲಿ. ಮಾಶಾಬಿ ಬಡಿಗೆ ಎನ್ನುತ್ತಾರೆ. ಹಿಡಿದಿದ್ದವರು ಅವರೇ ಆದ್ದರಿಂದ ಬಡಿಗೆಯನ್ನೇ ಉಳಿಸಿಕೊಂಡಿದ್ದೇನೆ.

ಮಾಶಾಬಿಯವರ ಮೊಮ್ಮಗಳು ಸಮ್ರೀನ ಪೊಲೀಸ್ ಪೇದೆಯ ಕೆಲಸಕ್ಕೆ ಅರ್ಜಿ ಹಾಕಿ, ಬರೆಯುವ ಪರೀಕ್ಷೆಯನ್ನು ಪಾಸು ಮಾಡಿದ್ದಳು. ಉಳಿದದ್ದು ವಿಜಯಪುರದಲ್ಲಿ ನಡೆಯಬೇಕಾಗಿದ್ದ ಓಟದ ಪರೀಕ್ಷೆ. ಅದಕ್ಕೆಂದು ಅವಳು ನಸುಕಿನಲ್ಲೆದ್ದು ಟಿಕೋಟಾದಿಂದ ಬಬಲೇಶ್ವರದ ಕಡೆಗೆ ಹೋಗುವ ದಾರಿಯಲ್ಲಿ ಓಡುತ್ತಿದ್ದಳು. ಒಂದು ಮುಂಜಾನೆ ಎಡಗಡೆಯ ತೊಗರಿ ಕೊಯ್ದ ಹೊಲದಿಂದ ಎರಡು ನಾಯಿಗಳು ಬೆನ್ನಟ್ಟಿ ಬಂದು ಅವಳ ಪೈಜಾಮದ ಅಂಚನ್ನು ಹರಿದವು. ತಂದೆ ಅಬ್ದುಲಸಮದ ಆ ಅಂಚನ್ನು ಬೆರಳಲ್ಲಿ ಹಿಡಿದು ನೋಡಿದ.

"ಇನ್ನೊಮ್ಮೆ ಹಿಂಗಾತಂದ್ರ ಓಡೋದು ಬಂದ್," ಎಂದ. "ನೌಕರಿನೂ ಬ್ಯಾಡ, ಏನೂ ಬ್ಯಾಡ. ಕಾಲು ಉಳದ್ರ ಸಾಕು."

"ನಾಯಿಗಿ ಹೆದರಿ ನೌಕರಿ ಬಿಡೂದೇನು?" ಎಂದರು ಮಾಶಾಬಿ. "ನಾಳಿಗಿ ನೀ ಗಾಡಿ ಹೊಡಿ, ನಾ ಹಿಂದ ಬಡಿಗಿ ಹಿಡಕೊಂಡು ಕುಂದರತೇನಿ. ಯಾವ ನಾಯಿ ಬರ್ತೈತಿ ನೋಡೂಣು."

ಮರುದಿನ ಮುಂದೆ ಸಮ್ರೀನ ಓಡಿದಳು. ಹಿಂದೆ ಅಬ್ದುಲಸಮದನ ಸ್ಕೂಟರು, ಅದರ ಮೇಲೆ ಹೆಗಲಿಗೆ ಬಡಿಗೆಯೇರಿಸಿದ ಮಾಶಾಬಿ. ನಾಯಿಗಳು ಎಡಗಡೆಯಿಂದ ಬಂದಿದ್ದವೆಂದು ಅವರು ಎಡಗಡೆಯೇ ಕಣ್ಣು ನೆಟ್ಟು ಕುಳಿತಿದ್ದರು. ನಾಯಿಗಳು ಬಲಗಡೆಯ ಗೋವಿನಜೋಳ ಕೊಯ್ದ ಹೊಲದಿಂದ ನುಗ್ಗಿದವು. ಮಾಶಾಬಿ ಬಡಿಗೆ ಬೀಸಿದರು. ಬಡಿಗೆಯನ್ನು ಕಂಡದ್ದೇ ತಡ, ಅವು ಹುಡುಗಿಯನ್ನು ಬಿಟ್ಟು ಸ್ಕೂಟರಿನ ಮೇಲೆ ಬಿದ್ದವು. ಗಾಡಿ ರಸ್ತೆ ಬಿಟ್ಟಿತು, ಹೊಲ ಹಿಡಿಯಿತು, ಬದುವಿಗೆ ಬಡಿದು ಮಗುಚಿತು. ಮಾಶಾಬಿ ಎರೆಮಣ್ಣಿನ ಮೇಲೆ ಕುಳಿತ ಭಂಗಿಯಲ್ಲೇ ಬಿದ್ದರು. ಅಬ್ದುಲಸಮದ ಬೇವಿನ ಗಿಡದ ಕವಲಿನಲ್ಲಿದ್ದ.

"ಖರೇನ ಗಿಡಾ ಏರಿದ್ನೇನ್ ಬೇ?" ಎಂದು ಶೆಡ್ಡಿನಲ್ಲಿ ತೊಟ್ಟು ಬಿಡಿಸುತ್ತಿದ್ದ ನಿರ್ಮಲಾ ಕಥೆಯ ನಡುವೆ ಕೇಳಿದಳು.

"ನನ್ನ ಮಗ ಅಂತ ಮುಚ್ಚಿಡ್ಲೇನು? ಏರಿದ್ದು ಕಾಣಲಿಲ್ಲ. ನೋಡೂದ್ರಾಗ ಮ್ಯಾಲಿದ್ದ."

ಅಷ್ಟರಲ್ಲಿ ಹೊಲದೊಳಗಿಂದ ಒಂದು ಸಿಳ್ಳು ಕೇಳಿಸಿತು. ನಾಯಿಗಳು ಅಲ್ಲೇ ಕುಳಿತವು. ಸಿಳ್ಳು ಹಾಕಿದವಳು ಕನಮಡಿ ಕಡೆಯಿಂದ ಕುರಿ ಹೊಡೆದುಕೊಂಡು ಬಂದಿದ್ದ ಯಲಗೂರಪ್ಪನ ಹೆಂಡತಿ ಗುರುಬಾಯಿ. ಅವಳ ಹಿಂದೆ, ಬಲೆಯ ಬೇಲಿಯೊಳಗೆ, ಕುರಿದಡ್ಡಿ ಆಗತಾನೇ ಎಚ್ಚರಗೊಳ್ಳುತ್ತಿತ್ತು.

"ನಾಯಿ ಸಾಕೀರೋ ಹುಲಿ ಸಾಕೀರೋ, ತಂಗಿ?" ಎಂದು ಮಾಶಾಬಿ ಕುಳಿತಲ್ಲಿಂದಲೇ ಕೇಳಿದರು.

"ನಾಯಿನ ಬೂಬಮ್ಮಾ. ಹುಲಿ ಆಗಿದ್ರ ನಿಮ್ಮ ಮಗಗ ಆ ಗಿಡ ಸಾಲ್ತಿದ್ದಿಲ್ಲ."

"ನಿನ್ನಿ ಆ ಕಡೆ, ಇವತ್ತ ಈ ಕಡೆ. ದಾರಿ ತುಂಬ ನಿಮ್ಮವ ಏನು ನಾಯಿ?"

"ದಡ್ಡಿ ಇವತ್ತಿದ್ದಲ್ಲಿ ನಾಳಿಗಿ ಇರಂಗಿಲ್ರಿ. ಗೊಬ್ಬರಕ್ಕ ಯಾವ ಹೊಲದವರು ಕರೀತಾರೋ ಅಲ್ಲಿ ಕುರಿ ನಿಲ್ಲಸ್ತೇವಿ. ಕುರಿ ಎಲ್ಲೈತೋ ಅದ ನಾಯಿ ಮನಿ. ಮಬ್ಬಿನ್ಯಾಗ ಕುರಿ ಕಡೆ ಓಡಿ ಬರೂದು ತೋಳ. ನಿಮ್ಮ ಹುಡುಗಿನ್ನ ಅವು ತೋಳ ಅಂತ ತಿಳದಾವ."

"ನನ್ನ?"

"ನಿಮ್ಮನ್ನ ಕಳ್ಳಿ ಅಂತ. ಬಡಿಗಿ ತಂದೀರಲ್ಲ."

ಮಾಶಾಬಿ ನಕ್ಕರು. ಸಮ್ರೀನ ನಗಲಿಲ್ಲ. ಇನ್ನೊಮ್ಮೆ ಎಂದು ತಂದೆ ಹೇಳಿದ್ದ ಆ ಇನ್ನೊಮ್ಮೆ ಆಗಿಹೋಗಿತ್ತು. ಅವಳು ಬೇವಿನ ಗಿಡದ ಬುಡಕ್ಕೆ ಬಂದು, "ಅಬ್ಬಾ, ಇವು ನನ್ನ ಗುರ್ತು ಹಿಡದ್ರ ಓಡಾಕ ಬಿಡ್ತೀರೇನು?" ಎಂದು ಮೇಲಿದ್ದ ತಂದೆಯನ್ನು ಕೇಳಿದಳು. ಮೇಲಿದ್ದವನಿಗೆ ಇಳಿಯುವ ಅವಸರ. "ಹಿಡದ್ರ ಓಡು," ಎಂದ.

ಯಲಗೂರಪ್ಪನ ಮನೆತನದಲ್ಲಿ ಒಂದು ರೂಢಿ ಇತ್ತು. ದಡ್ಡಿಗೆ ಹೊಸ ಸೊಸೆ ಬಂದರೆ ಅವಳು ಬಲೆಯ ಹೊರಗೆ ನೆಲದ ಮೇಲೆ ಕುಳಿತಿರಬೇಕು. ನಾಯಿಗಳು ಬಂದು ಮೂಸಬೇಕು. ಅವಳ ಕೈಯಿಂದ ರೊಟ್ಟಿ ತಿನ್ನಬೇಕು. ಆಮೇಲೆ ನಾಯಿಯ ವಾಸನೆ ಅವಳಿಗೂ ಅಂಟಲೆಂದು ಅದು ಮಲಗುವ ಕಂಬಳಿಯ ಒಂದು ಪಟ್ಟಿಯನ್ನು ಹರಿದು ಅವಳ ಮಣಿಕಟ್ಟಿಗೆ ಕಟ್ಟುತ್ತಿದ್ದರು. ಸಮ್ರೀನಳಿಗೂ ಅದನ್ನೇ ಮಾಡೋಣವೆಂದಳು ಗುರುಬಾಯಿ.

"ನನಗೂ ಹಿಂಗ ಮಾಡಿದ್ರು," ಎಂದಳು. "ಗಂಡನ ಪರಿಚಯ ಆಮ್ಯಾಲ ಆತು. ಮೊದಲ ನಾಯಿದು."

ಸಮ್ರೀನ ಕುಳಿತಳು. ದೊಡ್ಡ ನಾಯಿ, ಮೋತ್ಯಾ ಎಂಬುದು, ಅವಳ ಸುತ್ತ ಬಂತು. ಅದರ ಉಸಿರು ಕಿವಿಗೆ ತಾಗಿತು.

"ಅದರ ಕಣ್ಣಾಗ ಕಣ್ಣಿಡಬ್ಯಾಡ," ಎಂದು ಗುರುಬಾಯಿ ದೂರದಿಂದಲೇ ಹೇಳುತ್ತಿದ್ದಳು. "ಯಾವ ನಾಯಿ ಮೈಮ್ಯಾಲ ಬಂದ್ರೂ ಓಡಬ್ಯಾಡ. ನಿಲ್ಲು. ಮಗ್ಗಲಾಗಿ ನಿಂತು ಸಾವಕಾಶ ಹೆಜ್ಜಿ ತಗಿ. ನೀ ಓಡಿದ್ರ ಅದರ ಕಾಲಿಗೂ ಓಡೂ ಆಸೆ ಬರ್ತೈತಿ."

ಮೋತ್ಯಾ ರೊಟ್ಟಿಯನ್ನು ಮೂಸಿತು, ಕೈಯನ್ನು ಮೂಸಿತು, ಕೊನೆಗೆ ರೊಟ್ಟಿಯನ್ನು ತೆಗೆದುಕೊಂಡಿತು. ಗುರುಬಾಯಿ ಕಂಬಳಿಯ ಪಟ್ಟಿ ಕಟ್ಟಿದಳು. ಅಂದಿನಿಂದ ದಡ್ಡಿ ಎಡಕ್ಕಿರಲಿ ಬಲಕ್ಕಿರಲಿ, ನಾಯಿಗಳು ಬೊಗಳುತ್ತ ಬರುವುದು, ಪಟ್ಟಿಯನ್ನು ಮೂಸುವುದು, ಜೊತೆಗೆ ಓಡುವುದು. ಅವುಗಳಿಗಿಂತ ಹಿಂದೆ ಬೀಳಬಾರದೆಂದು ಅವಳ ಕಾಲುಗಳೂ ಚುರುಕಾದವು. ಪರೀಕ್ಷೆಯ ದಿನ ಹತ್ತಿರ ಬಂದಾಗ ಕುರಿಗಳು ಬಬಲೇಶ್ವರದ ಕಡೆಗೆ ಸಾಗಿಹೋದವು. ಪಟ್ಟಿ ಮಾತ್ರ ಕೈಯಲ್ಲೇ ಉಳಿಯಿತು.

ಪರೀಕ್ಷೆಯ ಮುಂಜಾನೆ ಅದನ್ನು ಬಿಚ್ಚಬೇಕೆಂದು ಯಾರಿಗೂ ಹೊಳೆಯಲಿಲ್ಲ. "ಇರಲಿ, ಓಡೂದು ಕಲಿಸಿದ ಕಂಬಳಿ," ಎಂದರು ಮಾಶಾಬಿ. ಸ್ಕೂಟರಿನ ಮುಂದಿನ ಗಾಲಿ ಇನ್ನೂ ಸೊಟ್ಟಗಿದ್ದುದರಿಂದ ಅಜ್ಜಿ ಮೊಮ್ಮಗಳು ಕನಮಡಿಯಿಂದ ಬರುವ ಮೊದಲ ಬಸ್ಸಿಗೆ ಕಾದರು. ಬಸ್ಸು ತಡವಾಯಿತು. ವಿಜಯಪುರದ ಅಥಣಿ ರಸ್ತೆಯಲ್ಲಿಳಿದಾಗ ಮೈದಾನದ ಬಾಗಿಲು ಮುಚ್ಚುವ ಹೊತ್ತು ಹತ್ತಿರವಾಗಿತ್ತು. ತಡವಾದವರನ್ನು ಒಳಗೆ ಬಿಡುವುದಿಲ್ಲವೆಂದು ಮೊದಲೇ ತಿಳಿಸಿದ್ದರು. ಹೊಸ ಬಡಾವಣೆಯ ನಡುವೆ ಹಾಯ್ದರೆ ಬೇಗ ತಲುಪಬಹುದೆಂದು ಇಬ್ಬರೂ ಬಿರುಸಾಗಿ ಹೊರಟರು.

ಅರ್ಧ ಕಟ್ಟಿದ ಮನೆಯೊಂದರ ಮುಂದೆ ಉಸುಕಿನ ಗುಡ್ಡೆಯ ಮೇಲೆ ನಾಯಿಗಳ ಗುಂಪು ಮಲಗಿತ್ತು. ಒಂದು ತಲೆಯೆತ್ತಿ ಗಾಳಿಯನ್ನು ಮೂಸಿತು. ಎದ್ದಿತು. ಅದರ ಹಿಂದೆ ಎಲ್ಲವೂ ಎದ್ದವು. ಕ್ಷಣದಲ್ಲಿ ಹಿಂದೆ, ಮುಂದೆ, ಎರಡೂ ಮಗ್ಗುಲಿಗೆ ಹಲ್ಲುಗಳು. ಮಾಶಾಬಿ ನೆಲದಲ್ಲಿ ಕಲ್ಲು ಹುಡುಕಿದರು. ಉಸುಕು ಬಿಟ್ಟರೆ ಏನೂ ಇರಲಿಲ್ಲ. ಸಮ್ರೀನ ನಿಂತಳು, ಮಗ್ಗಲಾದಳು. ಆದರೂ ನಾಯಿಗಳು ಹಿಂದೆ ಸರಿಯಲಿಲ್ಲ. ಅವುಗಳ ಮೂಗು ಅವಳ ಮುಖದ ಕಡೆಗಲ್ಲ, ಮಣಿಕಟ್ಟಿನ ಕಡೆಗಿತ್ತು.

"ದಾದಿ," ಎಂದಳು ಅಜ್ಜಿಗೆ ತುಟಿ ಅಲುಗಿಸದೆ, "ಅವಕ್ಕ ನಾ ಕಾಣಾಕತ್ತಿಲ್ಲ. ಮೋತ್ಯಾ ಕಾಣಾಕತ್ತಾನ. ತಮ್ಮ ಓಣಿಗಿ ಪರ ಊರ ನಾಯಿ ಬಂದೈತಿ ಅಂತ ತಿಳದಾವ."

"ಬಿಚ್ಚಿ ಒಗಿ."

"ಗಂಟು ಬಿಗದೈತಿ."

ಮೈದಾನದ ಕಡೆಯಿಂದ ಸೀಟಿಯ ಸದ್ದು ಬಂತು. ಮಾಶಾಬಿ ಮೊಮ್ಮಗಳ ಕೈಯನ್ನು ಎತ್ತಿ, ತಮಗಿದ್ದಷ್ಟು ಹಲ್ಲಿನಲ್ಲೇ ಗಂಟನ್ನು ಕಚ್ಚಿದರು. ಒಂದು ನಾಯಿ ಅವರ ಸೆರಗನ್ನು ಹಿಡಿದೆಳೆಯಿತು. ಅವರು ಕಚ್ಚಿದ್ದನ್ನು ಬಿಡಲಿಲ್ಲ, ಅದೂ ಬಿಡಲಿಲ್ಲ. ಗಂಟು ಸಡಿಲಾಯಿತು, ಸೆರಗಿನ ತುದಿ ಹರಿಯಿತು. ಸಮ್ರೀನ ಪಟ್ಟಿಯನ್ನು ಉಸುಕಿನಾಚೆಗೆ ಬೀಸಿ ಒಗೆದಳು. ಇಡೀ ಗುಂಪು ಅದರ ಮೇಲೆ ಮುಗಿಬಿದ್ದಿತು.

ಅವಳ ಕಾಲುಗಳು ಓಡಲು ಎದ್ದಿದ್ದವು. ಮಾಶಾಬಿ ತೋಳು ಹಿಡಿದರು.

"ಓಡಬ್ಯಾಡ. ನಡಿ."

"ಬಾಗಲಾ ಮುಚ್ಚತಾರ ದಾದಿ."

"ಮುಚ್ಚಲಿ. ನಡಿ."

ಅವಳು ಓಡಿದ್ದೆಲ್ಲ ಸುಲಭ, ನಡೆದದ್ದೇ ಕಷ್ಟ ಎಂದು ಮಾಶಾಬಿ ಹೇಳುವಾಗ ಶೆಡ್ಡಿನಲ್ಲಿ ಯಾರ ಕೈಯೂ ಆಡುತ್ತಿರಲಿಲ್ಲ. ಹಿಂದೆ ಕಂಬಳಿ ಚಿಂದಿಯಾಗುವ ಸದ್ದು. ಮುಂದೆ ಮತ್ತೊಂದು ಸೀಟಿ. ಇಬ್ಬರೂ ಸಂತೆಗೆ ಹೋಗುವವರಂತೆ ನಡೆದು ನೀರಿನ ಟಾಕಿಯ ಮೂಲೆ ತಿರುಗಿದರು. ನಾಯಿಗಳು ಮರೆಯಾದವು.

"ಈಗ ಓಡು," ಎಂದರು ಮಾಶಾಬಿ. ಚಪ್ಪಲಿ ಕೈಗೆ ತೆಗೆದುಕೊಂಡು ತಾವೂ ಓಡಿದರು.

ಬಾಗಿಲಿನ ಒಂದು ಕದ ಆಗಲೇ ಮುಚ್ಚಿತ್ತು. ಇನ್ನೊಂದನ್ನು ಎಳೆಯುತ್ತಿದ್ದ ಪೇದೆ ಸಮ್ರೀನಳನ್ನು ಒಳಗೆ ಬಿಟ್ಟು, ಹಿಂದೆ ಏದುಸಿರು ಬಿಡುತ್ತ ಬಂದವರನ್ನು ನೋಡಿದ.

"ಇವರೂ ಓಟಕ್ಕೇನವಾ?"

"ಅವರದು ಮುಗೀತ್ರಿ," ಎಂದಳು ಸಮ್ರೀನ.

ಅವಳು ಗೊತ್ತುಪಡಿಸಿದ ಸಮಯದೊಳಗೆ ಓಟ ಮುಗಿಸಿದಳು. ತೇರ್ಗಡೆಯಾದವರ ಹೆಸರು ಕೂಗಿದಾಗ ಅವಳ ಹೆಸರನ್ನೂ ಕೂಗಿದರು. ಮಾಶಾಬಿ ಬೇಲಿಯ ಹೊರಗಿಂದ ಇನ್ನೊಮ್ಮೆ ಕೂಗಿಸಿದರಂತೆ.

ಸುದ್ದಿಯನ್ನು ಗುರುಬಾಯಿಗೆ ಹೇಳಬೇಕಲ್ಲ. ಮರುದಿನ, ರಿಪೇರಿಯಾದ ಸ್ಕೂಟರಿನಲ್ಲಿ ಮೂವರೂ ಬಬಲೇಶ್ವರದ ಹತ್ತಿರ ದಡ್ಡಿ ಹುಡುಕಿಕೊಂಡು ಹೋದರು. ಅಬ್ದುಲಸಮದ ಗಾಡಿ ನಿಲ್ಲಿಸುವ ಮೊದಲು ಗಿಡ ಎಲ್ಲಿದೆಯೆಂದು ನೋಡಿಕೊಂಡ. ಸಮ್ರೀನಳ ಮಣಿಕಟ್ಟು ಬರಿದಾಗಿತ್ತು. ಅವಳು ಬಲೆಯ ಹೊರಗೆ ನೆಲದ ಮೇಲೆ ಕುಳಿತಳು. ಮೋತ್ಯಾ ಬೊಗಳುತ್ತ ಬಾಣದಂತೆ ಬಂತು. ಹತ್ತಿರ ಬಂದು ಸುಮ್ಮನಾಯಿತು. ಪಟ್ಟಿ ಇದ್ದ ಜಾಗವನ್ನು ಮೂಸಿತು, ಅವಳ ಮುಖವನ್ನು ಮೂಸಿತು, ಆಮೇಲೆ ಅವಳ ತೊಡೆಯ ಮೇಲೆ ಗದ್ದ ಊರಿ ಮಲಗಿತು.

"ಪಟ್ಟಿ ಇಲ್ದನ ಗುರ್ತ ಹಿಡೀತೇನ್ ಬೇ?" ಎಂದಳು ನಿರ್ಮಲಾ.

"ಹಿಡೀತು. ಅದಕ್ಕ ಗುರುಬಾಯಿ ಅಂದ್ಳು, ಈಗ ನೀ ಈ ಮನಿ ಹುಡುಗಿ."

ಮಾಶಾಬಿ ಮಾತು ನಿಲ್ಲಿಸಿ ಮಡಿಲಿಗಂಟಿದ್ದ ತೊಟ್ಟುಗಳನ್ನು ಕೊಡವಿದರು. ಹೊರಗೆ ಹೊತ್ತು ಮುಳುಗುತ್ತಿತ್ತು. ಹೆಂಗಸರು ಬುಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿ, ಸೆರಗು ಸರಿಪಡಿಸಿಕೊಂಡು ಎದ್ದರು. ಓಣಿಯ ತಿರುವಿನಲ್ಲಿ ಯಾವುದೋ ನಾಯಿ ಬೊಗಳಿತು. ನಿರ್ಮಲಾ ಓಡಲೆಂದು ಸೀರೆಯ ನೆರಿಗೆಗೆ ಕೈ ಹಾಕಿದವಳು, ಹಾಗೆಯೇ ಕೈ ಬಿಟ್ಟಳು. ಎಲ್ಲರ ಹೆಜ್ಜೆಯೂ ಒಮ್ಮೆಗೇ ನಿಧಾನವಾಯಿತು. ನಾಯಿ ಇನ್ನೆರಡು ಸಲ ಬೊಗಳಿ ಸುಮ್ಮನಾಯಿತು. ಅವರು ಅದೇ ನಡಿಗೆಯಲ್ಲಿ ತಮ್ಮ ತಮ್ಮ ಮನೆಗೆ ಹೋದರು.