ಗೋಡೆಯೊಳಗಿನ ಓರೆ ವೈರು

ಗಾದಿಲಿಂಗ ಗೋಡೆಗೆ ಸಿಮೆಂಟು ಮೆತ್ತಿ ಕೈ ತೊಳೆದುಕೊಳ್ಳುವ ಹೊತ್ತಿಗೆ ಹೆಂಡತಿ ನಾಗರತ್ನ ಚಹಾ ತಂದಳು. ಕೊಟ್ಟೂರಿನಲ್ಲಿ ಅವನದೊಂದು ಸೈಕಲ್ ಅಂಗಡಿ. ಮನೆಯ ಮುಂದಿನ ಕೋಣೆಗೆ ಸಂಗೀತಾ ಎಂಬ ಹೆಂಗಸು ಬಾಡಿಗೆಗೆ ಬರುವವಳಿದ್ದಳು. ಗಂಡ ಲಾರಿ ಡ್ರೈವರ್, ಇವಳು ಬಟ್ಟೆ ಹೊಲಿಯುವವಳು. ಮೋಟರು ಕೂಡಿಸಿದ ಮಶಿನ್ನಿಗೆ ಕಿಟಕಿಯ ಹತ್ತಿರ ಒಂದು ಪ್ಲಗ್ ಬೇಕೆಂದಿದ್ದಳು. ಓಣಿಯಲ್ಲಿ ಆಗೀಗ ಇಂಥ ಕೆಲಸ ಮಾಡಿಕೊಡುವ ಗಾದಿಲಿಂಗ ಅದನ್ನು ತಾನೇ ಹಾಕಿ ಮುಗಿಸಿದ್ದ.

ನಾಗರತ್ನ ಹಸಿ ಸಿಮೆಂಟಿನ ಗೆರೆಯನ್ನೇ ನೋಡುತ್ತ ನಿಂತಳು. ಬಾಗಿಲ ಪಕ್ಕದ ಸ್ವಿಚ್ ಬೋರ್ಡಿನಿಂದ ಹೊರಟ ಗೆರೆ, ಕಿಟಕಿಯ ಪಕ್ಕದಲ್ಲಿ ಕೆಳಗಿದ್ದ ಪ್ಲಗ್ಗಿಗೆ ಓರೆಯಾಗಿ ಇಳಿದಿತ್ತು.

"ವೈರು ಹಿಂಗ ಅಡ್ಡಾದಿಡ್ಡಿ ಹೋಗಬಹುದೇನ್ರಿ?"

"ಹತ್ತಿರದ ದಾರಿ ಅದು. ಕರೆಂಟಿಗೆ ಓರೆ, ನೆಟ್ಟಗ ಅಂತ ಏನೈತಿ?"

"ಬಣ್ಣ ಹೊಡದ ಮ್ಯಾಲೆ ಎಲ್ಲೈತಿ ಅಂತ ಹೆಂಗ ಗೊತ್ತಾಗತೈತಿ?"

"ಗೊತ್ತಾಗಿ ಏನು ಮಾಡ್ತೀ? ಮಶಿನ್ ತಿರಗಿದರ ಸಾಕು."

ಹೊಸ ಸಾಮಾನು ಕಂಡರೆ ತಿರುಗಿಸಿ ಹಿಂಬದಿ ನೋಡುವವಳು ನಾಗರತ್ನ. ಅವಳ ಪ್ರಶ್ನೆಗಳು ಗಾದಿಲಿಂಗನಿಗೆ ರೂಢಿಯಾಗಿದ್ದವು. ಅವನು ಚಹಾ ಕುಡಿದು ಅಂಗಡಿಗೆ ಹೋದ. ಸಿಮೆಂಟು ಒಣಗಿದ ಮೇಲೆ ಸುಣ್ಣ ಬಿತ್ತು. ಗೆರೆ ಕಾಣದಾಯಿತು.

ಸಂಗೀತಾ ಬಂದು ಮಶಿನ್ ಹೂಡಿದಳು. ಕತ್ತರಿ ಕೈಗೆ ಸಿಗುವಂತಿರಲೆಂದು, ಒಂದು ಬೆಳಿಗ್ಗೆ ಕುಳಿತ ಎತ್ತರಕ್ಕೇ ಗೋಡೆಗೆ ಮೊಳೆ ಹೊಡೆಯತೊಡಗಿದಳು. ಮೊಳೆ ಕಚ್ಚಿಕೊಂಡಿತೆಂದು ಕೈ ಬಿಟ್ಟು, ಇನ್ನೊಂದು ಏಟು ಹಾಕಿದಳು. ಚಟ್ ಎಂದು ಕಿಡಿ ಹಾರಿ ಫ್ಯೂಸ್ ಹೋಯಿತು. ನಾಗರತ್ನ ಓಡಿ ಬಂದಾಗ ಸಂಗೀತಾ ನೆಲದ ಮೇಲೆ ಕುಳಿತಿದ್ದಳು, ಸುತ್ತಿಗೆ ದೂರ ಬಿದ್ದಿತ್ತು. ಮೊಳೆಯ ಸುತ್ತ ಸುಣ್ಣ ಕಪ್ಪಾಗಿತ್ತು. ಸುತ್ತಿಗೆಯ ಹಿಡಿ ಕಟ್ಟಿಗೆಯದಾಗಿದ್ದರಿಂದ ಜೀವ ಉಳಿಯಿತು.

ಸುದ್ದಿ ತಿಳಿದು ಬಂದ ಗಾದಿಲಿಂಗನಿಗೆ ಮೊದಲು ಹೆದರಿಕೆ, ಆಮೇಲೆ ಸಿಟ್ಟು.

"ಮೊಳಿ ಹೊಡಿಯೋ ಮೊದಲು ಒಂದು ಮಾತು ಕೇಳಬಾರದೇನವಾ?"

"ನೋಡೇ ಹೊಡದೀನಿ ಅಣ್ಣಾರ," ಎಂದಳು ಸಂಗೀತಾ. "ಬೋರ್ಡಿನ ಮ್ಯಾಲೆ ಕೆಳಗ ಬಿಟ್ಟೆ. ಪ್ಲಗ್ಗಿನ ಮ್ಯಾಲೆ, ಅದರ ಆಜೂಬಾಜೂನೂ ಬಿಟ್ಟೆ. ಎಲ್ಲಾರ ಮನಿಯಾಗೂ ವೈರು ಹಂಗ ನೆಟ್ಟಗ ಹೋಗಿರತೈತಿ. ನಡುವ ಓರಿಯಾಗಿ ಬಂದಿರತೈತಿ ಅಂತ ನನಗ ಹೆಂಗ ತಿಳೀಬೇಕು?"

ಗಾದಿಲಿಂಗ ಬೋರ್ಡಿನಿಂದ ಪ್ಲಗ್ಗಿನವರೆಗೆ ಕಣ್ಣು ಹಾಯಿಸಿದ. ಕೊನೆಗೆ, "ಇದ್ದಿಲಿಲೆ ಒಂದು ಗೆರಿ ಎಳದು ತೋರಸ್ತೀನಿ, ಅಲ್ಲಿ ಹೊಡಿಬ್ಯಾಡ್ರಿ," ಎಂದ.

"ಮುಂದಿನ ವರ್ಷ ಸುಣ್ಣ ಹೊಡೀತೀವಲ್ರಿ," ಎಂದಳು ನಾಗರತ್ನ. "ಇವರು ಬಿಟ್ಟು ಹೋದ ಮ್ಯಾಲೆ ಬರೋರಿಗೆ ಯಾರು ಹೇಳಬೇಕು?"

ಅವನು ಕಪ್ಪಾದ ಮೊಳೆಯನ್ನೇ ನೋಡಿದ. ಸುಟ್ಟುಹೋದ ಫ್ಯೂಸನ್ನು ಹಾಕದೆ, ವೈರ್‌ಮನ್ ಜಂಬಯ್ಯನನ್ನು ಕರೆತರಲು ಹೋದ.

ಜಂಬಯ್ಯ ಮೇನ್ ಆರಿಸಿ, ಟೆಸ್ಟರ್ ಇಟ್ಟು ನೋಡಿ, ಗೋಡೆ ಒಡೆದ. ಹಳೆಯ ವೈರಿಗೆ ಪೈಪೂ ಇರಲಿಲ್ಲ, ಅರ್ಥಿಂಗೂ ಇರಲಿಲ್ಲ. ಅದನ್ನು ಪೂರ್ತಿ ಕಿತ್ತ. ಹೊಸದು ಪೈಪಿನೊಳಗೆ ಬೋರ್ಡಿನಿಂದ ನೆಟ್ಟಗೆ ಮೇಲೇರಿ, ಛಾವಣಿಯ ಕೆಳಗೆ ಅಡ್ಡ ಹೋಗಿ, ಪ್ಲಗ್ಗಿನ ಮೇಲಿಂದ ನೆಟ್ಟಗೆ ಇಳಿಯಿತು. ಹೀಗೆ ಸುತ್ತಿ ತರುವುದೇಕೆ ಎಂದು ನಾಗರತ್ನ ಕೇಳಿದಳು.

"ಮುಚ್ಚಿದ ಮ್ಯಾಲೆ ಗೋಡಿ ಮಾತಾಡಂಗಿಲ್ಲಲ್ಲಬೇ ಅಕ್ಕಾ. ಬೋರ್ಡು, ಪ್ಲಗ್ಗು ಇವೇ ಗುರುತು. ನೋಡಿದೋರು ಇದರ ನೆಟ್ಟಗ ವೈರು ಐತಿ ಅಂತ ನಂಬತಾರ. ನಂಬಿಕಿ ಉಳಿಸಬೇಕು."

ಪೈಪು ನೆಟ್ಟಗಿದೆಯೇ ಎಂದು ನೋಡುವ ತೂಕದ ಗುಂಡಿನ ದಾರ ಹಿಡಿದು ನಿಂತಿದ್ದ ಗಾದಿಲಿಂಗ ಅದನ್ನು ಕೇಳಿಸಿಕೊಂಡ. ನಾಗರತ್ನ ಅವನ ಕಡೆ ತಿರುಗಿದಳು.

"ಇಂಥದು ಮತ್ತ ಯಾರ ಮನಿಯಾಗ ಹಾಕಿ ಕೊಟ್ಟೀರಿ?"

ಅವನು ದಾರವನ್ನು ಕೆಳಗಿಟ್ಟ. "ಹಿಂದಿನ ಓಣಿ ದ್ಯಾಮಕ್ಕನ ಮನಿಯಾಗ. ಮಿಕ್ಸಿಗೆ."

ಮರುದಿನ ಅಂಗಡಿ ತೆರೆಯುವ ಮೊದಲೇ ಅವನು ಜಂಬಯ್ಯನೊಂದಿಗೆ ಆ ಮನೆಯ ಬಾಗಿಲಲ್ಲಿ ನಿಂತಿದ್ದ. ಕುರಿಗಳಿಗೆ ಸೊಪ್ಪು ಹಾಕುತ್ತಿದ್ದ ಮುದುಕಿಗೆ ವಿಷಯವೇ ತಿಳಿಯಲಿಲ್ಲ.

"ಮಿಕ್ಸಿ ಚೊಲೋ ತಿರಗತೈತಿ ತಮ್ಮಾ. ಸುಮ್ಮನ ಗೋಡಿ ಯಾಕ ಒಡೀತಿ? ನಾನೇನು ಮೊಳಿ ಹೊಡಿಯಾಕಿ ಅಲ್ಲ."

ಗಾದಿಲಿಂಗ ಒಳಗೆ ಹೋಗಿ, ತಾನು ಸಿಮೆಂಟು ಮೆತ್ತಿದ ಓರೆ ದಾರಿಯನ್ನು ಬೆರಳಿನಿಂದ ತೋರಿಸಿದ. "ನೀನು ಹೊಡಿಯಂಗಿಲ್ಲಬೇ ಯವ್ವಾ. ಹೊಡಿಯೋರು ಯಾರಂತ ನನಗೂ ಗೊತ್ತಿಲ್ಲ. ತಪ್ಪು ಹಾಕೀನಿ, ನಾನೇ ಸರಿ ಮಾಡಸ್ತೀನಿ."

ಹಿಂದೆಯೇ ಒಳಬಂದ ದ್ಯಾಮಕ್ಕ ಅವನ ಮುಖವನ್ನೂ ಬರಿಯ ಗೋಡೆಯನ್ನೂ ಒಂದೊಂದು ಸಲ ನೋಡಿದಳು. ಆಮೇಲೆ ಸೊಪ್ಪಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, ಗೋಡೆಗೆ ಆನಿಸಿಟ್ಟಿದ್ದ ಜೋಳದ ಚೀಲವನ್ನು ಈಚೆಗೆ ಎಳೆಯತೊಡಗಿದಳು.